ನೆಗೆತದ ಅಳತೆ

ಶತಯೋಜನ ವಿಸ್ತಾರವಾದ ಸಾಗರವನ್ನು ಲಂಘಿಸುವ ಮುನ್ನ ಹನುಮಂತನು ದೇಹವನ್ನು ಸಂಕೋಚಿಸಿ, ಮಹೇಂದ್ರಗಿರಿಯನ್ನು ಪಾದಗಳಿಂದ ಒತ್ತಿದನೆಂದು ಆದಿಕವಿಯು ವರ್ಣಿಸಿರುವನು. ಮೇಲಕ್ಕೆ ನೆಗೆಯಬೇಕಾದವನು ಮೊದಲು ಕುಗ್ಗಬೇಕೆಂಬ ಮರ್ಮವನ್ನು ಕವಿಯು ಕಂಡನು. ಅದನ್ನು ಅಂಕಿಗಳಲ್ಲಿ ಹಿಡಿಯುವ ಕೆಲಸ ಈಚಿನ ಶಾಸ್ತ್ರಜ್ಞರ ಪಾಲಿಗೆ ಬಂದಿತು.

ಅಮೆರಿಕದ ಹಾರ್ವರ್ಡ್ ವಿದ್ಯಾಪೀಠದ ವ್ಯಾಯಾಮಶಾಲೆಯನ್ನು ಬಹುಕಾಲ ನಡೆಸಿದ ಡಡ್ಲಿ ಸಾರ್ಜೆಂಟರು, ನಿಂತಲ್ಲಿಂದ ನೆಗೆದ ಎತ್ತರವೇ ದೇಹಶಕ್ತಿಗೆ ತಕ್ಕ ಪರೀಕ್ಷೆಯೆಂದು 1921ರಲ್ಲಿ ಪ್ರತಿಪಾದಿಸಿದರು. ಪರೀಕ್ಷೆಯು ಸುಲಭವಾದುದು, ಇಂದಿಗೂ ಬಳಕೆಯಲ್ಲಿದೆ. ಆದರೆ ಎತ್ತರವೊಂದೇ ಸಾಕೆ? ವೇಗದ ಓಟಗಾರನ ಪಾದವು ಪ್ರತಿ ಹೆಜ್ಜೆಗೂ ನೆಲದ ಮೇಲಿರುವುದು ಸೆಕೆಂಡಿನ ಸುಮಾರು ಹತ್ತನೆಯ ಒಂದು ಭಾಗ ಮಾತ್ರ. ಸಾವಕಾಶವಾಗಿ ಕುಗ್ಗಿ ಏಳುವವನ ಬಲವು ಅಲ್ಲಿ ಪ್ರಯೋಜನಕ್ಕೆ ಬಾರದು. ಪಾದವು ನೆಲಕ್ಕೆ ತಾಗಿದೊಡನೆ ಸ್ನಾಯುಗಳೂ ಅವುಗಳನ್ನು ಎಲುಬಿಗೆ ಬಿಗಿದ ರಜ್ಜುಗಳೂ ಹಿಗ್ಗಿ, ಎಳೆದ ಬಿಲ್ಲಿನಂತೆ ಶಕ್ತಿಯನ್ನು ಅಡಗಿಸಿಕೊಂಡು, ಮರುಕ್ಷಣವೇ ಹಿಂದಿರುಗಿಸಬೇಕು. ತಡವಾದರೆ ಅದರಲ್ಲಿ ಬಹುಭಾಗವು ಶಾಖವಾಗಿ ವ್ಯರ್ಥವಾಗುವುದು.

ಈ ಗುಣವನ್ನು ಅಳೆಯುವ ಕ್ರಮವೊಂದು ಆಸ್ಟ್ರೇಲಿಯದ ಕ್ರೀಡಾಸಂಸ್ಥೆಯಲ್ಲಿ ರೂಪುಗೊಂಡಿತು. 1995ರಲ್ಲಿ ವಾರನ್ ಯಂಗ್ ಅವರ ಲೇಖನದಿಂದ ಪ್ರಚಾರಕ್ಕೆ ಬಂದಿತು. ಕ್ರೀಡಾಪಟುವು ಪೆಟ್ಟಿಗೆಯ ಮೇಲಿಂದ ಕೆಳಗಿಳಿದು, ನೆಲ ಮುಟ್ಟಿದೊಡನೆ ಮೇಲಕ್ಕೆ ನೆಗೆಯುವನು. ನೆಗೆದ ಎತ್ತರವನ್ನು ನೆಲದ ಮೇಲಿದ್ದ ಕಾಲದಿಂದ ಭಾಗಿಸುವುದಷ್ಟೆ. ಒಬ್ಬನು 36 ಸೆಂಟಿಮೀಟರು ನೆಗೆದು, ಅದಕ್ಕಾಗಿ ನೆಲದ ಮೇಲೆ 0.36 ಸೆಕೆಂಡು ಕಳೆದನೆನ್ನೋಣ. ಎತ್ತರವನ್ನು ಮೀಟರುಗಳಲ್ಲಿ ಗಣಿಸಿದರೆ ಅವನ ಅಂಕ 1. ಮತ್ತೊಬ್ಬನು 30 ಸೆಂಟಿಮೀಟರನ್ನೇ ನೆಗೆದರೂ 0.20 ಸೆಕೆಂಡಿನಲ್ಲಿ ನೆಲ ಬಿಟ್ಟರೆ ಅವನ ಅಂಕ 1.5. ಕಣ್ಣಿಗೆ ಮೊದಲನೆಯವನೇ ಮೇಲು, ಲೆಕ್ಕಕ್ಕೆ ಎರಡನೆಯವನು.

ಆದರೂ ಅಳತೆಯು ಮೋಸಹೋಗಬಲ್ಲದು. ಪಾದದ ಸ್ಪರ್ಶವನ್ನು ಗುರುತಿಸುವ ಚಾಪೆಯು ಎತ್ತರವನ್ನು ನೇರವಾಗಿ ಕಾಣದು. ದೇಹವು ಗಾಳಿಯಲ್ಲಿದ್ದ ಕಾಲದಿಂದ ಅದನ್ನು ಗಣಿಸುವುದು. ಇಳಿಯುವಾಗ ಮೊಣಕಾಲನ್ನು ಮಡಿಸಿದವನು ಕಾಲವನ್ನು ಹೆಚ್ಚಿಸಿ, ನೆಗೆಯದ ಎತ್ತರವನ್ನೂ ಸಂಪಾದಿಸಿಕೊಳ್ಳುವನು.

ಇದಕ್ಕಿಂತ ದೊಡ್ಡ ಅಪಾಯವು ಅಭಿಮಾನದಿಂದ ಬರುವುದು. ಪೆಟ್ಟಿಗೆಯನ್ನು ಎತ್ತರಿಸುತ್ತ ಹೋದಂತೆ ಒಂದು ಮಿತಿಯವರೆಗೆ ಅಂಕವು ಏರಬಹುದು. ಅದನ್ನು ದಾಟಿದರೆ ಹಿಮ್ಮಡಿ ನೆಲಕ್ಕೆ ಕುಸಿಯುವುದು, ಕಾಲವು ಬೆಳೆಯುವುದು, ಅಂಕವು ಇಳಿಯುವುದು. ಗೆಳೆಯನು 60 ಸೆಂಟಿಮೀಟರಿನ ಪೆಟ್ಟಿಗೆಯನ್ನೇರಿದನೆಂದು, 30ಕ್ಕೆ ತಕ್ಕವನು ತಾನೂ ಏರಿದರೆ ಅವನ ಕೀಲುಗಳು ದಂಡ ತೆರಬೇಕಾಗುವುದು. ತರುಣನನ್ನು ಅಲ್ಲಿಂದ ಕೆಳಗಿಳಿಸಲು ಶಿಕ್ಷಕನಿಗೆ ಧೈರ್ಯ ಬೇಕು. ಆ ಧೈರ್ಯಕ್ಕೆ ಆಧಾರವಾಗುವುದೇ ಈ ಅಂಕದ ನಿಜವಾದ ಉಪಯೋಗ.