ಸಂಗ್ರಹ ಮತ್ತು ಪರಿಗ್ರಹ

ವಸ್ತುಗಳನ್ನು ಕೂಡಿಡುವುದೆಲ್ಲವೂ ಪರಿಗ್ರಹವೇ? ವಸ್ತುವಿಗಿಂತಲೂ ಅದರ ಮೇಲಣ ಮೂರ್ಛೆಯೇ ಪರಿಗ್ರಹವೆಂಬುದು ಜೈನಾಚಾರ್ಯರ ನಿರ್ಣಯ. ಈ ನಿರ್ಣಯವನ್ನು ಒರೆಗೆ ಹಚ್ಚಿ ನೋಡಲು ದೇಶವಿದೇಶಗಳ ಪುರಾತನ ಜಾನಪದ ಕಲಾವಸ್ತುಗಳ ಸಂಗ್ರಹಣೆಯು ಒಳ್ಳೆಯ ನಿದರ್ಶನ.

ಅಮೆರಿಕದ ವಾಸ್ತುಶಿಲ್ಪಿ, ವಸ್ತ್ರವಿನ್ಯಾಸಕಾರ ಅಲೆಕ್ಸಾಂಡರ್ ಗಿರಾರ್ಡ್ (1907–1993) ಮತ್ತು ಅವರ ಪತ್ನಿ ಸೂಸನ್ ದಶಕಗಳ ಕಾಲ ಮಣ್ಣಿನ ಬೊಂಬೆ, ಮರದ ಆಟಿಕೆ, ಮುಖವಾಡ, ಕಸೂತಿ ವಸ್ತ್ರಗಳನ್ನು ಕೂಡಿಸಿದರು. ನೂರಕ್ಕೂ ಹೆಚ್ಚು ದೇಶಗಳ ಒಂದು ಲಕ್ಷಕ್ಕೂ ಮಿಕ್ಕಿದ ಆ ಸಂಗ್ರಹವನ್ನು 1978ರಲ್ಲಿ ಸಾಂತಾ ಫೆ ನಗರದ ಅಂತರರಾಷ್ಟ್ರೀಯ ಜಾನಪದ ಕಲಾ ವಸ್ತುಸಂಗ್ರಹಾಲಯಕ್ಕೆ ದಾನವಿತ್ತರು. 1982ರಲ್ಲಿ ಅದರಲ್ಲಿ ಸುಮಾರು ಹತ್ತು ಸಾವಿರ ವಸ್ತುಗಳು ಗಿರಾರ್ಡ್ ಅವರದೇ ಯೋಜನೆಯಂತೆ ಪ್ರದರ್ಶನಕ್ಕೆ ಬಂದವು. ವಸ್ತುಗಳ ಪಕ್ಕದಲ್ಲಿ ವಿವರಫಲಕಗಳನ್ನಿಡಲಿಲ್ಲ. ದೇಶಭೇದವನ್ನು ಮರೆತು ಮಾನವರ ಕೈಗಳ ಸಾಮ್ಯವನ್ನು ಕಾಣಲಿ ಎಂಬುದು ಆಶಯ. ಕೂಡಿಸಿದ್ದನ್ನು ಬಿಟ್ಟುಕೊಡಬಲ್ಲವನ ಸಂಗ್ರಹ ಲೋಕದ ಸ್ವತ್ತಾಗುತ್ತದೆ.

ಆದರೆ ತ್ಯಾಗವೊಂದರಿಂದಲೇ ಸಂಗ್ರಹ ನಿರ್ದೋಷವಾಗದು. ವಸ್ತು ಕೈಸೇರಿದ ದಾರಿಯೂ ಶುದ್ಧವಾಗಿರಬೇಕು. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಮೂರು ಪ್ರಾಚೀನ ವಸ್ತುಗಳ ಪೇಟೆಗೆಂದೇ ಹೇಳಿದಂತಿವೆ. ಕದ್ದ ಮಾಲನ್ನು ಕೊಳ್ಳುವುದು ತದಾಹೃತಾದಾನ. ರಾಜ್ಯದ ಕಟ್ಟಳೆ ಮೀರುವುದು ವಿರುದ್ಧರಾಜ್ಯಾತಿಕ್ರಮ. ಹೊಸದನ್ನು ಹಳತೆಂದು ಮಾರುವುದು ಪ್ರತಿರೂಪಕ ವ್ಯವಹಾರ. ಅಗ್ಗವಾಗಿ ಸಿಕ್ಕಿತೆಂದು ಮೂಲ ವಿಚಾರಿಸದೆ ಕೊಳ್ಳುವವನೇ ಕಳ್ಳನಿಗೆ ಬಂಡವಾಳ ಹೂಡುವವನು. ದಂತದ ಕೆತ್ತನೆಯಾದರೆ ಅದರ ಹಿಂದೆ ಒಂದು ಜೀವದ ಹತ್ಯೆಯಿರಬಹುದೆಂಬುದನ್ನೂ ಶ್ರಾವಕನು ಮರೆಯಲಾಗದು.

ಭಾರತದಲ್ಲಿ 1972ರ ಪ್ರಾಚೀನ ವಸ್ತುಗಳ ಕಾಯಿದೆಯಂತೆ ನೂರು ವರ್ಷಕ್ಕೆ ಕಡಿಮೆಯಿಲ್ಲದ ಶಿಲ್ಪ, ಚಿತ್ರ, ಕರಕುಶಲ ವಸ್ತುಗಳೂ, ಎಪ್ಪತ್ತೈದು ವರ್ಷಕ್ಕೆ ಕಡಿಮೆಯಿಲ್ಲದ ಮಹತ್ತ್ವದ ಹಸ್ತಪ್ರತಿಗಳೂ ಪ್ರಾಚೀನ ವಸ್ತುಗಳೇ. ಖಾಸಗಿಯವರು ಇವನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ಪರವಾನಗಿಯಿಲ್ಲದೆ ಇವುಗಳ ವ್ಯಾಪಾರವೂ ಸಲ್ಲದು.

ಈ ವಿಚಾರ ದೂರದ ಸಿರಿವಂತರಿಗಷ್ಟೇ ಸಂಬಂಧಿಸಿದ್ದಲ್ಲ. ಬಸದಿಗಳ ಕಂಚಿನ ದೀಪ, ಮರದ ಕೆತ್ತನೆ, ತಾಳೆಗರಿಯ ಕಟ್ಟುಗಳು ಯಾರದೋ ವಿದೇಶೀ ಸಂಗ್ರಹದ ಅಲಂಕಾರವಾಗಬಲ್ಲವು. ಲೆಕ್ಕವಿಲ್ಲದ ಸ್ವತ್ತು ಕಳೆದರೆ ಅದು ತನ್ನದೆಂದು ಸಾಧಿಸುವುದು ಕಷ್ಟ. ಆದ್ದರಿಂದ ಪ್ರತಿಯೊಂದು ಟ್ರಸ್ಟೂ ಛಾಯಾಚಿತ್ರ, ಅಳತೆ, ತೂಕ, ದಾನಿಯ ಹೆಸರುಗಳೊಡನೆ ವಸ್ತುಪಟ್ಟಿಯನ್ನು ಸಿದ್ಧಪಡಿಸಿ ವರ್ಷಕ್ಕೊಮ್ಮೆ ತಾಳೆ ನೋಡತಕ್ಕದ್ದು. ಮನೆಗಳಲ್ಲಿಯೂ ಹಿರಿಯರ ಹಳೆಯ ಪಾತ್ರೆ, ಬೊಂಬೆಗಳನ್ನು ಗುಜರಿಗೆ ತೂಗಿಕೊಡುವ ಮುನ್ನ ಒಮ್ಮೆ ಯೋಚಿಸುವುದು ಲೇಸು. ಒಡೆಯನೆಂಬ ಅಭಿಮಾನವಳಿದು ಕಾವಲುಗಾರನೆಂಬ ಎಚ್ಚರ ಮೂಡಿದಲ್ಲಿ ಸಂಗ್ರಹವು ಪರಿಗ್ರಹವಾಗದು.