ಗೋಕರ್ಣಯಾತ್ರೆ

ಕನ್ನಡನಾಡಿನ ಪಡುವಣ ಕರಾವಳಿಯಲ್ಲಿ ಪುಣ್ಯಕ್ಷೇತ್ರಗಳಿಗೆ ಕೊರತೆಯಿಲ್ಲ. ಆದರೆ ರಾಮಾಯಣ ಮಹಾಭಾರತಗಳೆರಡರಲ್ಲಿಯೂ ಹೆಸರು ಕಾಣುವ, ಕಾಳಿದಾಸನ ಕಾವ್ಯದಲ್ಲಿಯೂ ಎಡೆ ಪಡೆದಿರುವ, ದೇವಾಲಯದ ಬಾಗಿಲಿನಿಂದ ನಡೆದು ಕೆಲವೇ ನಿಮಿಷಗಳಲ್ಲಿ ಅಲೆಗೆ ಕಾಲೊಡ್ಡಬಹುದಾದ ಕ್ಷೇತ್ರವೆಂದರೆ ಗೋಕರ್ಣ. ಉತ್ತರಕ್ಕೆ ಗಂಗಾವಳಿ, ದಕ್ಷಿಣಕ್ಕೆ ಅಘನಾಶಿನಿ; ಈ ಎರಡು ನದಿಗಳು ಸಮುದ್ರವನ್ನು ಸೇರುವ ಎಡೆಗಳ ನಡುವೆ ಊರು ನೆಲಸಿದೆ. ಗೋವಿನ ಕಿವಿಯೆಂಬುದು ಹೆಸರಿನ ಅರ್ಥ. ನಾವು ವಾಸವಾಗಿರುವುದು ಬೆಂಗಳೂರಿನ ದಕ್ಷಿಣದ ಕೋಣನಕುಂಟೆಯಲ್ಲಿ. ಕೋಣನ ಕುಂಟೆಯಿಂದ ಹೊರಟು ಗೋವಿನ ಕಿವಿಯನ್ನು ಮುಟ್ಟುವ ಯಾತ್ರೆಯೆಂದು ನನ್ನ ಅಕ್ಕ ನಕ್ಕದ್ದುಂಟು.

ಈ ಅಕ್ಕನ ವಿಷಯವನ್ನು ವಾಚಕರಿಗೆ ಮೊದಲೇ ತಿಳಿಸಬೇಕು. ಆಕೆಗೆ ಎಪ್ಪತ್ತೊಂದು ವರ್ಷ. ಕಣ್ಣಿನೊಳಗಿನ ಒತ್ತಡ ಹೆಚ್ಚಿ ನರವು ಸೊರಗುವ ಗ್ಲಾಕೋಮಾ ಎಂಬ ವ್ಯಾಧಿಯಿಂದ ಕಳೆದ ಐದು ವರ್ಷಗಳಲ್ಲಿ ದೃಷ್ಟಿ ಪೂರಾ ಹೋಗಿದೆ. ಬೆಳಕು ಕತ್ತಲೆಗಳ ಭೇದವೊಂದು ಮಾತ್ರ ಉಳಿದಿದೆ. ಗೋಕರ್ಣವನ್ನು ನೋಡಬೇಕೆಂಬುದು ಭಾವನವರು ಬದುಕಿದ್ದಾಗಿನಿಂದಲೂ ಆಕೆಯ ಬಯಕೆ. ಈಗ ಹೊರಡುವ ಮಾತು ಬಂದಾಗ ಬಂಧುಗಳಲ್ಲಿ ಅನೇಕರು ಬೇಡವೆಂದರು. ಕಣ್ಣಿಲ್ಲದ ಮೇಲೆ ದರ್ಶನವೆಂದರೇನು, ಜನಸಂದಣಿಯಲ್ಲಿ ಜಾರಿ ಬಿದ್ದರೆ ಗತಿಯೇನು, ಮನೆಯ ಹತ್ತಿರವೇ ವಸಂತಪುರದಲ್ಲಿ ವಸಂತವಲ್ಲಭರಾಯನ ಗುಡಿ ಇಲ್ಲವೇ ಎಂಬುದು ಅವರ ವಾದ. ಅದು ತೆಗೆದುಹಾಕುವಂತಹ ವಾದವೂ ಅಲ್ಲ. ಮಕ್ಕಳಿಗೆ ಸಂಸ್ಕೃತ ಹೇಳಿಕೊಟ್ಟವನಾದುದರಿಂದ, ‘ದೃಶ್’ ಎಂಬ ಧಾತುವಿನಿಂದಲೇ ದರ್ಶನ ಶಬ್ದ ಹುಟ್ಟಿದೆಯೆಂಬುದನ್ನು ನಾನೂ ಬಲ್ಲೆ. ಅಕ್ಕ ಎಲ್ಲವನ್ನೂ ಕೇಳಿ, “ಅಲ್ಲಿ ದೇವರನ್ನು ಮುಟ್ಟಬಹುದಂತಲ್ಲ?” ಎಂದು ಒಂದೇ ಮಾತು ಕೇಳಿದಳು. ಅನಂತರ ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ.

ಮಾರ್ಗಶಿರ ಮಾಸದಲ್ಲಿ ಹೊರಟೆವು. ನಮ್ಮ ತಂದೆಯವರ ಕಾಲದಲ್ಲಿ ಈ ಪ್ರಯಾಣ ಸುಲಭವಾಗಿರಲಿಲ್ಲ. ಆಗ ಶಿವಮೊಗ್ಗ, ಸಾಗರಗಳ ಮೇಲೆ ಹೋಗಿ, ಘಟ್ಟವಿಳಿದು, ಹೊನ್ನಾವರವನ್ನು ಸೇರಿ, ಅಲ್ಲಿಂದ ಮತ್ತೆ ಬಸ್ಸು ಹಿಡಿಯಬೇಕಾಗಿತ್ತು. ಉತ್ತರ ಕನ್ನಡ ಜಿಲ್ಲೆಯೇ 1862ರಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದು, 1956ರ ಏಕೀಕರಣದಲ್ಲಿ ಮಾತ್ರ ನಮ್ಮೊಡನೆ ಕೂಡಿತು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿಯಾಗಿ ತೆರೆಯಿತು. ಈಗ ಕೋಣನಕುಂಟೆ ಕ್ರಾಸಿನಲ್ಲಿ ಮೆಟ್ರೋ ರೈಲನ್ನು ಹತ್ತಿ, ನಡುವೆ ಗಾಡಿ ಬದಲಾಯಿಸದೆ ಮೆಜೆಸ್ಟಿಕ್ಕಿಗೆ ಹೋಗಿ, ಸಂಜೆಯ ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ಕುಳಿತರೆ ಬೆಳಗಾಗುವ ಹೊತ್ತಿಗೆ ಕರಾವಳಿ. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಘಟ್ಟದ ಹಾದಿಯಲ್ಲಿ 57 ಸುರಂಗಗಳಿವೆಯೆಂದು ಹೇಳಿದ್ದೆ. ರಾತ್ರಿ ಗಾಡಿಯ ಸದ್ದು ಇದ್ದಕ್ಕಿದ್ದಂತೆ ಮುಚ್ಚಿಕೊಂಡು ಮತ್ತೆ ತೆರೆದುಕೊಳ್ಳುವುದನ್ನು ಕೇಳುತ್ತ ಅಕ್ಕ ಅವುಗಳನ್ನು ಎಣಿಸತೊಡಗಿದಳು. ಇಪ್ಪತ್ತಮೂರರವರೆಗೆ ನಾನು ಕೇಳಿದೆ. ಆಮೇಲೆ ನಿದ್ದೆ ನನ್ನನ್ನು ಕೊಂಡೊಯ್ದಿತು. ನಲವತ್ತೊಂದಕ್ಕೆ ತನಗೂ ಲೆಕ್ಕ ತಪ್ಪಿತೆಂದು ಬೆಳಿಗ್ಗೆ ಹೇಳಿದಳು.

ಗೋಕರ್ಣ ರೋಡ್ ನಿಲ್ದಾಣದಿಂದ ಊರಿಗೆ ಸುಮಾರು 10 ಕಿಲೋಮೀಟರು. ದಾರಿಯಲ್ಲಿ ಸಾಣಿಕಟ್ಟೆಯ ಉಪ್ಪಿನ ಆಗರಗಳು ಸಿಕ್ಕುತ್ತವೆ. ಉಪ್ಪು ತೆಗೆಯುವ ಕಾಲ ಇನ್ನೂ ಬಂದಿರಲಿಲ್ಲವಾಗಿ, ಬದು ಕಟ್ಟಿದ ಮಡಿಗಳಲ್ಲಿ ನೀರು ಕನ್ನಡಿಯಂತೆ ನಿಂತಿತ್ತು. ಕೊಕ್ಕರೆಗಳು ಬದುವಿನ ಮೇಲೆ ಧ್ಯಾನಸ್ಥವಾಗಿದ್ದುವು. ಇಲ್ಲಿಗೆ ಉತ್ತರದ ಅಂಕೋಲೆಯಲ್ಲಿ 1930ರ ಏಪ್ರಿಲ್ ತಿಂಗಳಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಉಪ್ಪಿನ ವಾಸನೆ ಬರುತ್ತಿದೆಯೆಂದು ಅಕ್ಕ ಹೇಳಿದಳು. ನನಗೆ ಬರಿಯ ಕೆಸರಿನ ವಾಸನೆ ಬಂದಿತು.

ನಾವು ಇಳಿದುಕೊಂಡದ್ದು ಪುರೋಹಿತರೊಬ್ಬರ ಮನೆಯಲ್ಲಿ. ಹೋಟೆಲುಗಳು ಹೆಚ್ಚಿದ ಮೇಲೆಯೂ ಯಾತ್ರಿಕರನ್ನು ಮನೆಯಲ್ಲಿ ಇಳಿಸಿಕೊಳ್ಳುವ ಹಳೆಯ ಪದ್ಧತಿ ಇಲ್ಲಿ ಪೂರಾ ಅಳಿದಿಲ್ಲ. ಜಗಲಿಯನ್ನು ಹತ್ತುತ್ತಲೇ ಮನೆಯಾಕೆ “ಆಸರಿಗೆ ಎಂತ ಬೇಕು?” ಎಂದರು. ಬಾಯಾರಿಕೆಗೆ ಏನು ಕೊಡಲಿ ಎಂದು ಹವ್ಯಕರ ಮಾತಿನಲ್ಲಿ ಅದರ ಅರ್ಥ. ಆಸರು ಎಂಬ ಅಚ್ಚಗನ್ನಡ ಶಬ್ದ ಈ ಕಡೆಯ ಅಡಿಗೆಮನೆಗಳಲ್ಲಿ ಇನ್ನೂ ಬದುಕಿರುವುದನ್ನು ಕೇಳಿ ಮೇಷ್ಟರಾದ ನನಗೆ ಆದ ಸಂತೋಷ, ಅವರು ಕೊಟ್ಟ ಬೆಲ್ಲ ನೀರಿಗಿಂತ ಹೆಚ್ಚಿನದು. ಮಧ್ಯಾಹ್ನದ ಊಟದಲ್ಲಿ ಬಡಿಸಿದ ತಂಬುಳಿಯನ್ನು ಅಕ್ಕ ಎರಡು ಸಲ ಹಾಕಿಸಿಕೊಂಡಳು.

ರಾವಣನು ಆತ್ಮಲಿಂಗವನ್ನು ತಂದ ಕಥೆಯನ್ನು ಇಲ್ಲಿ ವಿಸ್ತರಿಸುವುದಿಲ್ಲ. ನಾಟಕದ ಕಂಪೆನಿಗಳೂ ಯಕ್ಷಗಾನ ಮೇಳಗಳೂ 1958ರ ‘ಭೂಕೈಲಾಸ’ ಚಲಚ್ಚಿತ್ರವೂ ಅದನ್ನು ಮನೆಮನೆಗೆ ಮುಟ್ಟಿಸಿವೆ. ಸಂಧ್ಯಾವಂದನೆಗೆ ಹೊತ್ತಾಯಿತೆಂದು ವಟುವೇಷದ ಗಣಪತಿಯ ಕೈಗೆ ಲಿಂಗವನ್ನು ಕೊಟ್ಟದ್ದು, ಅವನು ಮೂರು ಸಲ ಕೂಗಿ ನೆಲಕ್ಕಿಟ್ಟದ್ದು, ಎಷ್ಟು ಎಳೆದರೂ ಲಿಂಗ ಮೇಲೇಳದೆ ಗೋವಿನ ಕಿವಿಯಂತೆ ತಿರುಚಿಕೊಂಡದ್ದು, ರಾವಣನ ಬಲವನ್ನು ಮೀರಿದುದರಿಂದ ಶಿವನಿಗೆ ಮಹಾಬಲನೆಂಬ ಹೆಸರು ಬಂದದ್ದು, ಎಲ್ಲರೂ ಬಲ್ಲ ಸಂಗತಿಗಳೇ. ಸಿಟ್ಟಿನಲ್ಲಿ ಅವನು ಎಸೆದ ಸಂಪುಟ, ಮುಚ್ಚಳ, ದಾರ, ವಸ್ತ್ರಗಳು ಬಿದ್ದ ಎಡೆಗಳೇ ಸಜ್ಜೇಶ್ವರ, ಗುಣವಂತೇಶ್ವರ, ಧಾರೇಶ್ವರ, ಮುರುಡೇಶ್ವರಗಳೆಂದು ಪ್ರತೀತಿ. ಗೋಕರ್ಣವೂ ಸೇರಿ ಇವು ಪಂಚಕ್ಷೇತ್ರಗಳು. ಒಂದು ಮಾತನ್ನು ಮಾತ್ರ ಹೇಳಬೇಕು. ವಾಲ್ಮೀಕಿಯ ರಾಮಾಯಣದಲ್ಲಿ ಈ ಆತ್ಮಲಿಂಗದ ಕಥೆಯಿಲ್ಲ. ಬಾಲಕಾಂಡದಲ್ಲಿ ಭಗೀರಥನು ಗಂಗೆಗಾಗಿ ತಪಸ್ಸು ಮಾಡಿದ್ದು ಗೋಕರ್ಣದಲ್ಲಿ. ಉತ್ತರಕಾಂಡದಲ್ಲಿ ರಾವಣ ಮತ್ತು ಅವನ ತಮ್ಮಂದಿರು ತಪಸ್ಸಿಗೆ ಕುಳಿತದ್ದೂ ಗೋಕರ್ಣದಲ್ಲೇ. ಲಿಂಗವನ್ನು ತಂದ ವೃತ್ತಾಂತ ಪುರಾಣಗಳ ಕ್ಷೇತ್ರಮಾಹಾತ್ಮ್ಯಕ್ಕೆ ಸೇರಿದುದು. ಮರಾಠಿಯ ಗುರುಚರಿತ್ರೆಯಲ್ಲಿಯೂ ಅದು ಬರುವುದರಿಂದ ಮಹಾರಾಷ್ಟ್ರದ ಭಕ್ತರು ತಂಡತಂಡವಾಗಿ ಬರುತ್ತಾರೆ. ತಮಿಳರಿಗೂ ಇದು ಅನ್ಯವಲ್ಲ. ಏಳನೆಯ ಶತಮಾನದ ಶಿವಭಕ್ತರಾದ ಅಪ್ಪರ್ ಮತ್ತು ಸಂಬಂದರ್ ಇಬ್ಬರೂ ಈ ದೇವನನ್ನು ಹಾಡಿದ್ದಾರೆ. 1665ರಲ್ಲಿ ಬಸರೂರಿನ ಮೇಲೆ ದಂಡೆತ್ತಿ ಹಿಂದಿರುಗುವಾಗ ಶಿವಾಜಿಯು ಇಲ್ಲಿ ಇಳಿದು ಸಮುದ್ರಸ್ನಾನ ಮಾಡಿದನೆಂದು ಚರಿತ್ರಕಾರರು ಹೇಳುತ್ತಾರೆ.

ನನಗೆ ಈ ಊರಿನ ಹೆಸರು ಮೊದಲು ಪರಿಚಯವಾದದ್ದು ರಘುವಂಶದ ಎಂಟನೆಯ ಸರ್ಗದಲ್ಲಿ. ನಾರದನು ದಕ್ಷಿಣಸಮುದ್ರದ ತಡಿಯಲ್ಲಿರುವ ಗೋಕರ್ಣದ ಈಶ್ವರನನ್ನು ವೀಣೆಯಿಂದ ಸೇವಿಸಲು ಆಕಾಶಮಾರ್ಗದಲ್ಲಿ ಹೋಗುತ್ತಿರುವಾಗ, ವೀಣೆಯ ತುದಿಯ ಹೂಮಾಲೆ ಗಾಳಿಗೆ ಜಾರಿ ಇಂದುಮತಿಯ ಎದೆಯ ಮೇಲೆ ಬೀಳುತ್ತದೆ. ಆಕೆ ಪ್ರಾಣ ಬಿಡುತ್ತಾಳೆ. ಅಜನ ವಿಲಾಪ ಮೊದಲಾಗುತ್ತದೆ. ಎಷ್ಟೋ ವರ್ಷ ಅದನ್ನು ಪಾಠ ಹೇಳಿದೆ. ಹುಡುಗರು ಇಂದುಮತಿಗಾಗಿ ಮರುಗುತ್ತಿದ್ದರೇ ಹೊರತು ನಾರದನು ಮುಂದೆ ಗೋಕರ್ಣವನ್ನು ಸೇರಿದನೇ ಎಂದು ಒಬ್ಬನೂ ಕೇಳಲಿಲ್ಲ. ಕವಿಯೂ ಹೇಳುವುದಿಲ್ಲ.

ಕ್ರಮದಂತೆ ಮೊದಲು ಸಮುದ್ರಕ್ಕೆ ಹೋದೆವು. ಅಕ್ಕ ತೇವದ ಮರಳಿನ ಮೇಲೆ ಕುಳಿತು ಕಾಲು ಚಾಚಿದಳು. ಅಲೆ ದೂರದಲ್ಲಿ ಒಡೆಯುವ ಸದ್ದು, ಮರಳಿನ ಮೇಲೆ ಹರಿದು ಬರುವ ಸದ್ದು, ಹಿಂದಿರುಗುವಾಗಿನ ಸದ್ದು, ಮೂರೂ ಬೇರೆ ಬೇರೆಯೆಂದು ನನಗೆ ಹೇಳಿದಳು. ಮುಂದಿನ ಅಲೆ ಕಾಲಿಗೆ ಮುಟ್ಟುವುದೋ ಇಲ್ಲವೋ ಎಂಬುದನ್ನು ಅದು ಬರುವ ಮೊದಲೇ ಹೇಳತೊಡಗಿದಳು. ಹತ್ತರಲ್ಲಿ ಏಳೆಂಟು ಸರಿಯಾಯಿತು. ನಾನು ನೋಡುತ್ತಿದ್ದವನು, ನಾಲ್ಕನ್ನು ಹೇಳಿದರೆ ಹೆಚ್ಚು. ಬಳಿಕ ಕೋಟಿತೀರ್ಥದ ಮೆಟ್ಟಿಲಲ್ಲಿ ನೀರನ್ನು ಪ್ರೋಕ್ಷಿಸಿಕೊಂಡು ಮಹಾಗಣಪತಿಯ ಗುಡಿಗೆ ಬಂದೆವು. ಎರಡು ಕೈಗಳ, ನಿಂತ ಭಂಗಿಯ ಗಣಪತಿ. ನೆತ್ತಿಯ ಮೇಲಿನ ಕುಳಿ ರಾವಣನು ಗುದ್ದಿದ ಗುರುತೆಂದು ತೋರಿಸುತ್ತಾರೆ. ರಥಬೀದಿಯಲ್ಲಿ ಶಿವರಾತ್ರಿಯ ಮಹಾರಥ ನಿಂತಿತ್ತು. ಅದರ ಗಾಲಿಯ ಎತ್ತರವನ್ನು ಅಕ್ಕ ಕೈಯೆತ್ತಿ ಅಳೆದು, ಇನ್ನೂ ಮೇಲಕ್ಕಿದೆಯೇ ಎಂದು ಆಶ್ಚರ್ಯಪಟ್ಟಳು.

ದೇವಾಲಯದಲ್ಲಿ ಗಂಡಸರು ಅಂಗಿ ತೆಗೆದು ಪಂಚೆಯುಟ್ಟು ಹೋಗಬೇಕು. ಸಾಲು ಉದ್ದವಾಗಿತ್ತು, ನೆಲ ಒದ್ದೆಯಾಗಿ ಜಾರುತ್ತಿತ್ತು. ಹಿಂದಿನಿಂದ ತಳ್ಳುವವರ ಅವಸರದಲ್ಲಿ ನಾನು ಅಕ್ಕನ ತೋಳನ್ನು ಬಿಗಿಯಾಗಿ ಹಿಡಿದಿದ್ದೆ. “ಇಪ್ಪತ್ತು ಕೈಯವನು ಎಳೆದರೇ ಬರಲಿಲ್ಲ, ನೀನು ಯಾಕಪ್ಪ ನನ್ನನ್ನು ಹೀಗೆ ಎಳೆಯುತ್ತೀಯೆ?” ಎಂದಳು. ಮುಂದಿದ್ದ ಹುಬ್ಬಳ್ಳಿಯ ಕಡೆಯವರೊಬ್ಬರು ನಕ್ಕು, ದಾರಿ ಬಿಟ್ಟು ನಮ್ಮನ್ನು ಮುಂದೆ ಕಳುಹಿಸಿದರು. ಹೊಸಿಲು ಬಂದಾಗ ಮಾತ್ರ ಆಕೆಯ ಕೈ ಸ್ವಲ್ಪ ನಡುಗುತ್ತಿದ್ದುದು ನನಗೆ ತಿಳಿಯಿತು.

ಮಹಾಬಲೇಶ್ವರನ ಲಿಂಗ ಇತರ ಗುಡಿಗಳಂತೆ ಪೀಠದ ಮೇಲೆ ಎದ್ದು ನಿಂತಿಲ್ಲ. ಅದು ಸಾಲಿಗ್ರಾಮ ಪೀಠದ ನಡುವಿನ ರಂಧ್ರದೊಳಗೆ ಕೆಳಗಿದೆ. ಸುಮಾರು ನಾಲ್ಕು ದಶಕಗಳಿಗೊಮ್ಮೆ ನಡೆಯುವ ಅಷ್ಟಬಂಧದ ಕಾಲದಲ್ಲಲ್ಲದೆ ಅದನ್ನು ಪೂರ್ತಿಯಾಗಿ ಕಾಣುವಂತಿಲ್ಲ. ನಾವು ಹೋದ ಹೊತ್ತಿನಲ್ಲಿ ಸ್ಪರ್ಶಕ್ಕೆ ಅವಕಾಶವಿತ್ತು. ಗರ್ಭಗೃಹದಲ್ಲಿ ದೀಪದ ಬೆಳಕು, ಹೂವು, ಬಿಲ್ವಪತ್ರೆ, ನೀರು. ನಾನು ಬಗ್ಗಿ ನೋಡಿದೆ. ಕತ್ತಲೆಯೂ ನೀರೂ ಅಲ್ಲದೆ ಬೇರೇನೂ ಕಾಣಲಿಲ್ಲ. ನನ್ನ ಮುಂದಿದ್ದವರೂ ಹಿಂದಿದ್ದವರೂ ಬಗ್ಗಿ, ನೋಡಲು ಯತ್ನಿಸಿ, ಕೊನೆಗೆ ಕೈಯನ್ನೇ ನಂಬಿದರು. ಅರ್ಚಕರು ಅಕ್ಕನ ಸ್ಥಿತಿಯನ್ನು ಕಂಡು, ಏನನ್ನೂ ಕೇಳದೆ, ಆಕೆಯ ಬಲಗೈಯನ್ನು ಹಿಡಿದು ರಂಧ್ರದ ಮೇಲಿಟ್ಟರು. ಆಕೆ ಅಲ್ಲಿದ್ದದ್ದು ಎಷ್ಟು ಹೊತ್ತು? ಉಸಿರು ಎರಡು ಸಲ ಎಳೆದುಬಿಡುವಷ್ಟು. “ಮುಂದೆ, ಮುಂದೆ” ಎಂಬ ಕೂಗು ಬಂದಿತು.

ಹೊರಗೆ ಪ್ರಾಕಾರದಲ್ಲಿ ಕುಳಿತ ಮೇಲೆ, “ತಣ್ಣಗಿತ್ತು ಕಣೋ. ನೀರಿನ ಕೆಳಗೆ ಗಟ್ಟಿಯಾಗಿ ತಾಗಿತು,” ಎಂದಳು. ಸ್ವಲ್ಪ ತಡೆದು, “ನಿನಗೆ ಏನು ಕಂಡಿತು?” ಎಂದು ಕೇಳಿದಳು.

“ನನಗೂ ಅಷ್ಟೇ ಅಕ್ಕ. ತಣ್ಣಗೆ ತಾಗಿತು. ಕಾಣಲಿಲ್ಲ,” ಎಂದೆ.

“ಯಾರಿಗೂ ಕಾಣುವುದಿಲ್ಲವೇ?”

“ಯಾರಿಗೂ ಕಾಣುವುದಿಲ್ಲ.”

ಆಕೆ ಸೆರಗಿನಿಂದ ಮುಖ ಒರಸಿಕೊಂಡಳು. ಆ ಕೈಯನ್ನು ಮಾತ್ರ ಒರಸಲಿಲ್ಲ.

ಸಂಜೆ ನಾನೊಬ್ಬನೇ ಗುಡ್ಡವನ್ನು ಹತ್ತಿ ರಾಮತೀರ್ಥದ ಸಿಹಿನೀರು ಕುಡಿದು ಕುಡ್ಲೆಯ ಕಡೆ ಹೋಗಿಬಂದೆ. ಆಚೆಗಿರುವ ಓಂ ತೀರಕ್ಕೆ ನಮ್ಮ ಬೆಂಗಳೂರಿನ ತರುಣರೇ ಶನಿವಾರ ಭಾನುವಾರ ತುಂಬಿಕೊಳ್ಳುತ್ತಾರೆ. ಗುಡಿಗೆ ಬರದೆ ಹಿಂದಿರುಗುವವರೂ ಇದ್ದಾರೆ. ಅವರನ್ನು ಹಳಿಯುವ ಹಿರಿಯರ ಗುಂಪಿಗೆ ನಾನು ಸೇರಲಾರೆ. ಸಮುದ್ರವನ್ನು ನೋಡಿ ಸುಮ್ಮನೆ ಕುಳಿತವನು ಕೆಟ್ಟದ್ದೇನೂ ಮಾಡುತ್ತಿಲ್ಲ. ಬಾಟಲಿಗಳನ್ನು ಮರಳಿನಲ್ಲಿ ಬಿಟ್ಟುಹೋಗುವುದನ್ನು ಮಾತ್ರ ಕ್ಷಮಿಸಲಾಗದು. ಆ ವಿಷಯದಲ್ಲಿ ಪೂಜೆಯ ಪ್ಲಾಸ್ಟಿಕ್ ಚೀಲಗಳನ್ನು ಕೋಟಿತೀರ್ಥದ ಬಳಿ ಎಸೆಯುವ ಯಾತ್ರಿಕರೂ ಅವರಿಗೆ ಕಡಮೆಯಲ್ಲ. ಸಾಹಿತಿ ಗೌರೀಶ ಕಾಯ್ಕಿಣಿಯವರು ಬಾಳಿ ಬರೆದದ್ದೂ, ಅವರ ಪುತ್ರರಾದ ಜಯಂತ ಕಾಯ್ಕಿಣಿಯವರು 1955ರಲ್ಲಿ ಹುಟ್ಟಿದ್ದೂ ಈ ಊರಿನಲ್ಲಿಯೇ. ಬೀದಿಯಲ್ಲಿ ವೇದಘೋಷವೂ ಕೊಂಕಣಿಯ ಹರಟೆಯೂ ಪರದೇಶದವರ ಇಂಗ್ಲಿಷೂ ಒಟ್ಟಿಗೆ ಕೇಳಿದಾಗ, ಇಲ್ಲಿ ಬರೆಹಗಾರರು ಹುಟ್ಟುವುದು ಸಹಜವೆನ್ನಿಸಿತು.

ವೃದ್ಧರನ್ನು ಕರೆದುಕೊಂಡು ಹೋಗುವವರಿಗೆ ಎರಡು ಮಾತು. ಮಳೆಗಾಲ ಬೇಡ, ಕಾರ್ತಿಕದಿಂದ ಮಾಘದವರೆಗೆ ಹಿತ. ಶಿವರಾತ್ರಿಯ ವೈಭವ ದೊಡ್ಡದಾದರೂ ಆ ನೂಕುನುಗ್ಗಲು ನಿಶ್ಶಕ್ತರಿಗಲ್ಲ. ಸ್ಪರ್ಶಕ್ಕೆ ಅವಕಾಶವಿರುವ ಹೊತ್ತನ್ನು ಮೊದಲೇ ವಿಚಾರಿಸಿಕೊಂಡು, ಬೆಳಿಗ್ಗೆ ಬೇಗನೆ ಹೋಗುವುದು ಒಳ್ಳೆಯದು.

ಹಿಂದಿರುಗುವಾಗ ಅಕ್ಕ ಆಟೋವನ್ನು ನಿಲ್ಲಿಸಿ, ದಾರಿಯ ಅಂಗಡಿಯಲ್ಲಿ ಸಾಣಿಕಟ್ಟೆಯ ಹರಳುಪ್ಪನ್ನು ಎರಡು ಕಿಲೋ ಕೊಳ್ಳಿಸಿದಳು. ಬೆಂಗಳೂರಿನಲ್ಲಿ ಉಪ್ಪು ಸಿಕ್ಕುವುದಿಲ್ಲವೇ ಎಂದು ನಾನು ಕೇಳಲಿಲ್ಲ. ಅದು ಅಂಗಡಿಯ ಪುಡಿಯುಪ್ಪಿನಷ್ಟು ಬಿಳುಪಲ್ಲವೆಂದು ನನ್ನ ಸೊಸೆ ಅದನ್ನು ಉಪ್ಪಿನಕಾಯಿಗೆಂದು ಎತ್ತಿಡಲು ಹೊರಟಳು. ಅಕ್ಕ ಬಿಡಲಿಲ್ಲ. ಈಗ ಜಾಡಿ ಒಲೆಯ ಪಕ್ಕದಲ್ಲೇ ಇದೆ. ಸಾರಿಗೆ ಎಷ್ಟು ಹಾಕಬೇಕೆಂಬುದನ್ನು ಅಕ್ಕನೇ ಹರಳುಗಳನ್ನು ಬೆರಳಲ್ಲಿ ಹೊರಳಿಸಿ ನೋಡಿ ಎತ್ತಿ ಕೊಡುತ್ತಾಳೆ.