ಅಂಚಿನಿಂದ ನಡುವಿಗೆ

ಕೌದಿ ಕಂಡವರು ಮೊದಲು ಹೊಗಳುವುದು ಅದರ ಬಣ್ಣವನ್ನು. ಕೆಂಪಿನ ಮಗ್ಗುಲಿಗೆ ಹಸಿರು, ಹಸಿರಿಗೆ ತಾಗಿ ಹಳದಿ ಹೂವಿನ ಚೀಟಿ ಬಟ್ಟೆ, ಆಚೆಗೊಂದು ಇಳಕಲ್ ಸೀರೆಯ ದಡಿ. ಹೊಗಳಲಿ, ಬೇಡವೆನ್ನುವುದಿಲ್ಲ. ಆದರೆ ಕೌದಿ ಹೊಲಿದು ಗೊತ್ತಿದ್ದವರ ಕೈಗೆ ಅದನ್ನು ಕೊಟ್ಟು ನೋಡಿ, ಮೊದಲು ಮಗುಚಿ ಹಾಕುತ್ತಾರೆ. ಹಿಂಬದಿಯಲ್ಲಿ ಬಣ್ಣದ ಆಟ ಇರುವುದಿಲ್ಲ. ಒಂದು ಹಳೆಯ ಸೀರೆಯ ಮೈ, ಅದರ ಮೇಲೆ ಸಾಲುಸಾಲು ಹೊಲಿಗೆ, ಅಷ್ಟೇ. ಅಕ್ಕಿಕಾಳಿನಷ್ಟು ಉದ್ದದ ಹೊಲಿಗೆ, ಬೆರಳಗಲಕ್ಕೊಂದು ಸಾಲು. ಅಂಚಿನಿಂದ ಹೊರಟದ್ದು ಸುತ್ತು ಹಾಕುತ್ತ ಹಾಕುತ್ತ ನಡುವಿಗೆ ಬಂದು ನಿಂತಿರುತ್ತದೆ. ಅದರ ಮೇಲೆ ಅಂಗೈ ಆಡಿಸಿ "ಕೈ ಚಲೋ ಐತಿ" ಎಂದರೆ ಆ ಕೌದಿ ಗೆದ್ದಂತೆ. ನನಗೆ ಕೌದಿಯ ಹುಚ್ಚು ಹಿಡಿದದ್ದು ಈ ಹಿಂಬದಿಯಿಂದ.

ಹುಟ್ಟಿ ಬೆಳೆದದ್ದು ಹರಪನಹಳ್ಳಿ ತಾಲ್ಲೂಕಿನ ಬಾಗಳಿಯಲ್ಲಿ. ಈಗ ಸಂಸಾರ ಹೂಡಿರುವುದು ಸಿಂಗಪುರದಲ್ಲಿ, ಸಮಭಾಜಕ ವೃತ್ತಕ್ಕೆ ಸುಮಾರು 140 ಕಿಲೋಮೀಟರ್ ಉತ್ತರಕ್ಕಿರುವ ದ್ವೀಪ. ಇಲ್ಲಿ ಮಾಗಿಯಿಲ್ಲ, ಬೇಸಿಗೆಯೆಂದು ಬೇರೆ ಹೆಸರೂ ಇಲ್ಲ. ಡಿಸೆಂಬರ್ ರಾತ್ರಿಯಲ್ಲೂ ಸೆಕೆ 24 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಇಂಥ ಊರಲ್ಲಿ ಕೌದಿ ಯಾತಕ್ಕೆ ಎಂದು ಗೆಳತಿಯರು ಕೇಳುತ್ತಾರೆ. ಹೊದೆಯುವುದಕ್ಕಿಂತ ಹಾಸುವುದಕ್ಕೆ, ಹಾಸುವುದಕ್ಕಿಂತ ಹೊಲಿಯುವುದಕ್ಕೆ ಎನ್ನುತ್ತೇನೆ. ಮನೆಯವರೆಲ್ಲ ಮಲಗಿದ ಮೇಲೆ ನೆಲದ ಮೇಲೆ ಅರ್ಧ ಹೊಲಿದ ಕೌದಿ ಬಿಚ್ಚಿಕೊಂಡು ಕೂತರೆ ನನಗೆ ಬೇರೆ ಏನೂ ಬೇಕೆನಿಸುವುದಿಲ್ಲ.

ಬಾಗಳಿ ಎಂದರೆ ಹೊರಗಿನವರಿಗೆ ಕಲ್ಲೇಶ್ವರ ಗುಡಿ. ರಾಷ್ಟ್ರಕೂಟರ ಕಾಲಕ್ಕೆ ಮೊದಲಾಗಿ, ಕಲ್ಯಾಣ ಚಾಲುಕ್ಯರ ಇಮ್ಮಡಿ ತೈಲಪನ ಆಳ್ವಿಕೆಯಲ್ಲಿ, 987ರ ಸುಮಾರಿಗೆ ಕೈಗೂಡಿದ ಗುಡಿ ಅದು; ಶಾಸನದಲ್ಲಿ ದುಗ್ಗಿಮಯ್ಯ ಎಂಬವನ ಹೆಸರಿದೆ. ಮುಂದೆ ನಮ್ಮ ಭಾಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದಾಗ, ಅಲೆಕ್ಸಾಂಡರ್ ರೀ ಎಂಬ ಅಧಿಕಾರಿ ಈ ಗುಡಿಯನ್ನೂ ನೀಲಗುಂದ, ಕುರುವತ್ತಿ, ಹಿರೇಹಡಗಲಿ, ಮಾಗಳದ ಗುಡಿಗಳನ್ನೂ ಅಳೆದು, ಚಿತ್ರ ಬರೆಸಿ, 1896ರಲ್ಲಿ ಪುಸ್ತಕ ಮಾಡಿದ. ಮಹಾಮಂಟಪದಲ್ಲಿ 50 ಕಂಬಗಳಿವೆ. ಮಕ್ಕಳಾದ ನಮಗೆ ಆ ಕಂಬಗಳು ಕಣ್ಣಾಮುಚ್ಚಾಲೆಗೆ. ಮನೆಯಲ್ಲಿ ಕೌದಿ ಹಾಸಿದ ದಿನವಂತೂ ನಮ್ಮನ್ನು ಹೊರಗೆ ಅಟ್ಟಿಯೇ ಬಿಡುತ್ತಿದ್ದರು, ಏಕೆಂದರೆ ಅವತ್ತು ಪಡಸಾಲೆ ಪೂರ್ತಿ ಕೌದಿಯದು. ಒಬ್ಬರು ತುಳಿದರೂ ಒಳಪದರ ಸರಿದು ಗಂಟಾಗುತ್ತದೆ. ಹಾಗೆ ಸರಿದ ಪದರ ಹೊಲಿದಾದ ಮೇಲೆ ಮಲಗುವವರ ಬೆನ್ನಿಗೆ ವರ್ಷಾನುಗಟ್ಟಲೆ ಒತ್ತುತ್ತದೆ.

ಹಾಸುವುದೇ ಅರ್ಧ ವಿದ್ಯೆ. ಸಾರಿಸಿ ಒಣಗಿದ ನೆಲದ ಮೇಲೆ ಮೊದಲು ಒಂದು ಇಡೀ ಸೀರೆ ಮಡಚಿ ಹಾಸಬೇಕು. ಸುಕ್ಕು ಉಳಿಯದಂತೆ ನಾಲ್ಕೂ ಮೂಲೆಗೆ ಕಲ್ಲೋ ತಂಬಿಗೆಯೋ ಇಟ್ಟು ಬಿಗಿಯಬೇಕು. ಅದರ ಮೇಲೆ ಒಳಪದರ: ಅಜ್ಜನ ಸವೆದ ಧೋತ್ರ, ಹರಿದ ಪಂಚೆ, ಯಾರಿಗೂ ತೋರಿಸಲಾಗದಷ್ಟು ಮಾಸಿದ ಟವೆಲ್ಲು. ಹೊರಗೆ ಕಾಣುವ ಚೂರುಗಳು ಬರುವುದು ಎಲ್ಲಕ್ಕೂ ಮೇಲೆ. ಅಜ್ಜಿ ಚೂರುಗಳನ್ನು ಒಮ್ಮೆಲೇ ಜೋಡಿಸುತ್ತಿರಲಿಲ್ಲ. ಅಂಚಿನ ಒಂದು ಸುತ್ತಿಗೆ ಬೇಕಾದಷ್ಟನ್ನು ಇಟ್ಟು, ಹೊಲಿದು, ಆಮೇಲೆ ಮುಂದಿನ ಸುತ್ತಿನ ಚೂರು ಹುಡುಕುತ್ತಿದ್ದಳು. ಮೊದಲೇ ಬರೆದಿಟ್ಟುಕೊಂಡ ನಮೂನೆ ಇರುತ್ತಿರಲಿಲ್ಲ. ಈಗ ಇಟ್ಟ ಚೂರು ಮುಂದಿನದನ್ನು ಕರೆಯುತ್ತಿತ್ತು. ನನಗೂ ಹಾಗೆಯೇ ಒಗ್ಗಿದೆ. ಚೂರುಗಳ ರಾಶಿಯಲ್ಲಿ ಕೈಯಾಡಿಸುತ್ತ, ಇದಲ್ಲ, ಇದೂ ಅಲ್ಲ, ಹಾಂ, ಇದು ಎನ್ನುವ ಆ ಗಳಿಗೆಯ ಸಂತೋಷ ಮುಗಿದ ಕೌದಿಯನ್ನು ಹೊದ್ದರೂ ಸಿಗುವುದಿಲ್ಲ.

ಬಟ್ಟೆಯ ವಿಷಯದಲ್ಲಿ ಅಜ್ಜಿ ಕಟ್ಟುನಿಟ್ಟು. ಇಳಕಲ್ ಸೀರೆಯಾದರೆ ಒಡಲು ಕೌದಿಗೆ, ಸೆರಗು ಪೆಟ್ಟಿಗೆಗೆ. ಇಳಕಲ್ಲಿನಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಹತ್ತಿಯ ಎಳೆಗೂ ರೇಷ್ಮೆಯ ಎಳೆಗೂ ಕೊಕ್ಕೆ ಹಾಕಿ ಎರಡನ್ನೂ ಕೂಡಿಸುತ್ತಾರೆ, ಅದಕ್ಕೆ ತೋಪತೆನಿ ಎನ್ನುತ್ತಾರೆ. ಹತ್ತಿಯ ಒಡಲು ಒಗೆದಷ್ಟೂ ಮೆತ್ತಗಾಗುತ್ತದೆ, ರೇಷ್ಮೆಯ ಸೆರಗು ಒಗೆದಷ್ಟೂ ಸೀಳುತ್ತದೆ. ಒಂದೇ ಸೀರೆಯ ಎರಡು ತುದಿಗಳ ಸ್ವಭಾವ ಅಜ್ಜಿಗೆ ಬೆರಳಿನಿಂದಲೇ ತಿಳಿಯುತ್ತಿತ್ತು. ಗುಳೇದಗುಡ್ಡದ ಕಣದ ಚೂರು ಸಿಕ್ಕರೆ ಅದಕ್ಕೆ ಕೌದಿಯ ಮೂಲೆಯಲ್ಲಿ ಜಾಗ, ಏಕೆಂದರೆ ಮೂಲೆಯ ಮೇಲೆ ಮೈಭಾರ ಬೀಳುವುದಿಲ್ಲ. ಟೆರಿಕಾಟ್ ಬಂದರೆ ಬೇಡವೇ ಬೇಡ. "ಅದು ಬೆವರು ಕುಡಿಯಂಗಿಲ್ಲ, ಸೂಜಿ ತಗೊಣಂಗಿಲ್ಲ, ಅದನ್ನ ಯಾಕ ತಂದಿ?" ಎಂದು ಅಪ್ಪನ ಪ್ಯಾಂಟನ್ನು ಹಿಂದಕ್ಕೆ ಕಳಿಸಿದ್ದಳು. ದಾವಣಗೆರೆ ಗಿರಣಿಯ ದಪ್ಪ ಹತ್ತಿ ಬಟ್ಟೆಯಾದರೆ ಮಾತ್ರ ಎರಡು ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು.

ಇನ್ನು ಹೊಲಿಗೆ. ಎರಡೆಳೆ ದಾರಕ್ಕೆ ಜೇನುಮೇಣ ಸವರಿದರೆ ಎಳೆಗಳು ಕಗ್ಗಂಟಾಗುವುದಿಲ್ಲ. ಎಡಗೈ ಕೌದಿಯ ಕೆಳಗೆ, ಬಲಗೈ ಮೇಲೆ. ಸೂಜಿಯ ಮೊನೆ ಎಲ್ಲಾ ಪದರ ದಾಟಿ ಬಂತೇ ಎಂಬುದನ್ನು ಕೆಳಗಿನ ಬೆರಳು ಹೇಳಬೇಕು, ಅದಕ್ಕೆ ಕಣ್ಣಿನ ಕೆಲಸವಿಲ್ಲ. ನಾಲ್ಕೈದು ಹೊಲಿಗೆ ಸೂಜಿಯ ಮೇಲೆ ಕೂಡಿದ ಮೇಲೆ ಒಮ್ಮೆ ಎಳೆಯುವುದು. ಆ ಎಳೆತ ಹದವಾಗಿರಬೇಕು. ಬಿಗಿ ಎಳೆದರೆ ಬಟ್ಟೆ ಮುದುರುತ್ತದೆ, ಸಡಿಲ ಬಿಟ್ಟರೆ ಮಗುವಿನ ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ. ಹೊಲಿಯುವವರು ಕೌದಿಯ ಮೇಲೆಯೇ ಕೂತು, ಸಾಲು ಮುಂದುವರಿದಂತೆ ತಾವೂ ಜರುಗುತ್ತ ಹೋಗುತ್ತಾರೆ. ದಿನಕ್ಕೆ ಒಂದೆರಡು ಸುತ್ತು ಮುಗಿದರೆ ಹೆಚ್ಚು. ಸುತ್ತು ಒಳಗೆ ಬಂದಷ್ಟೂ ಚಿಕ್ಕದಾಗುತ್ತದೆ, ಕೆಲಸ ಚುರುಕಾಗುತ್ತದೆ. ಕೊನೆಯ ದಿನಗಳಲ್ಲಿ ಕೈ ತಾನೇ ಓಡುತ್ತಿರುತ್ತದೆ, ಆಗ ಅಡುಗೆಗೆ ಎದ್ದು ಹೋಗಲೂ ಮನಸ್ಸಾಗುವುದಿಲ್ಲ.

ಮುಗಿದ ಕೌದಿಯ ನಿಜವಾದ ರೂಪ ಮೊದಲ ಒಗೆತದ ನಂತರ. ದಾರ ನೀರು ಕುಡಿದು ಕುಗ್ಗುತ್ತದೆ, ಸಾಲುಸಾಲಿನ ನಡುವೆ ಬಟ್ಟೆ ಸಣ್ಣಗೆ ಉಬ್ಬಿಕೊಳ್ಳುತ್ತದೆ. ಆ ಉಬ್ಬುಗಳಲ್ಲಿ ಗಾಳಿ ನಿಲ್ಲುತ್ತದೆ, ನಿಂತ ಗಾಳಿಯೇ ಕೌದಿಯ ಬಿಸಿ. ಉಣ್ಣೆಯಿಲ್ಲದೆ, ಹತ್ತಿ ತುಂಬದೆ, ಹಳೇ ಬಟ್ಟೆಯ ಪದರಗಳಿಂದಲೇ ನಮ್ಮ ಕಡೆಯ ಚಳಿಯನ್ನು ತಡೆದ ಗುಟ್ಟು ಇದು. ಕಂಬಳಿ ಹೊಲಕ್ಕೆ, ಮಳೆಗೆ, ಕುರಿ ಹಿಂದೆ ಹೋಗುವವರಿಗೆ. ಕೌದಿ ಮನೆಯೊಳಗಿನವರಿಗೆ, ತೊಟ್ಟಿಲಿಗೆ, ಬಾಣಂತಿಗೆ.

ಎಲ್ಲರ ಮನೆಯಲ್ಲೂ ಹೊಲಿಯುವ ಕೈ ಇರುತ್ತಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಕೌದಿ ಹೊಲಿಯುವ ಹೆಂಗಸರು ಊರಿಗೆ ಬರುತ್ತಿದ್ದರು. ಗಂಟು ಹೊತ್ತು ಓಣಿಯಲ್ಲಿ ನಿಂತು "ಕೌದಿ ಹೊಲಸ್ತೀರೇನ್ರೇ ಯವ್ವಾ" ಎಂದು ಕೂಗಿದರೆ ನಾಲ್ಕು ಮನೆಯ ಬಾಗಿಲು ತೆರೆಯುತ್ತಿದ್ದವು. ಕೂಲಿ ಸೇರಿನ ಲೆಕ್ಕದಲ್ಲಿ ಜೋಳ, ಮೇಲೊಂದು ಹಳೇ ಸೀರೆ, ಮಧ್ಯಾಹ್ನದ ರೊಟ್ಟಿ. ಅಜ್ಜಿಗೆ ಸ್ವತಃ ಹೊಲಿಯಲು ಬರುತ್ತಿದ್ದರೂ ಅವರನ್ನು ಕರೆದು ಕೂರಿಸಿಕೊಳ್ಳುತ್ತಿದ್ದಳು. ಅವರ ಕೈ ನೋಡಲಿಕ್ಕೆಂದೇ ಎಂದು ಈಗ ತೋರುತ್ತದೆ. ಮೊನೆಗೆ ಮೊನೆ ತಾಗುವಂತೆ ಸಾಲು ತಿರುಗಿಸುವ ಅವರ ಬಗೆಯನ್ನು ಅಜ್ಜಿ ಕಲಿತಳು, ಅಜ್ಜಿಯಿಂದ ಅವ್ವ, ಅವ್ವನಿಂದ ನಾನು. ಆ ಹೆಂಗಸರಲ್ಲಿ ಒಬ್ಬರ ಹೆಸರೂ ನಮ್ಮ ಮನೆಯಲ್ಲಿ ಉಳಿದಿಲ್ಲ, ಅವರ ತಿರುವು ಮಾತ್ರ ನನ್ನ ಕೈಯಲ್ಲಿದೆ. ಇದನ್ನು ನೆನೆದಾಗಲೆಲ್ಲ ಮನಸ್ಸು ಭಾರವಾಗುತ್ತದೆ.

ನಡು ಮುಚ್ಚುವ ಮೊದಲು ನಮ್ಮ ಮನೆಯಲ್ಲಿ ಒಂದು ಪದ್ಧತಿ. ಒಣಗಿದ ಜೋಳದ ರೊಟ್ಟಿಯ ಒಂದು ಚೂರು, ಚಿಟಿಕೆ ಅರಿಶಿನ ಕುಂಕುಮ ಒಳಗಿಟ್ಟು ಹೊಲಿಯಬೇಕು. "ಕೌದಿ ಹೊಟ್ಟಿ ಹಸಿದಿರಬಾರದವ್ವ. ಅದರ ಹೊಟ್ಟಿ ತುಂಬಿದ್ರ ಹೊದ್ದವರ ಹೊಟ್ಟೀನೂ ತುಂಬಿರ್ತೈತಿ." ನಾನು ಇಂದಿಗೂ ಅದನ್ನು ಬಿಟ್ಟಿಲ್ಲ. ಇಲ್ಲಿ ಜೋಳದ ಹಿಟ್ಟು ಲಿಟಲ್ ಇಂಡಿಯಾದ ಅಂಗಡಿಯಲ್ಲಿ ಸಿಗುತ್ತದೆ. ಕೌದಿ ಮುಗಿಯುವ ದಿನ ರೊಟ್ಟಿ ಬಡಿದು, ಮೊದಲ ರೊಟ್ಟಿಯ ಅಂಚು ಮುರಿದು ಒಲೆಯ ಪಕ್ಕ ಒಣಗಿಸುತ್ತೇನೆ.

ನಮ್ಮ ಜಿಲ್ಲೆಯಾಚೆ ಈ ಕೆಲಸಕ್ಕೆ ಬಹಳ ಹೆಸರು ತಂದವರು ಉತ್ತರ ಕನ್ನಡದ ಸಿದ್ದಿ ಹೆಂಗಸರು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಅವರು ಹೊಲಿಯುವ ಕೌದಿಗಳೂ ಅಂಚಿನಿಂದ ಒಳಮುಖವಾಗಿಯೇ ಸಾಗುತ್ತವೆ. ನಾಲ್ಕು ಮೂಲೆಗೆ ಬಟ್ಟೆಯನ್ನು ಮಡಚಿ ಮಡಚಿ ಕೂರಿಸಿದ ಹೂವು ಇರುತ್ತದೆ, ಆ ಹೂವಿಲ್ಲದಿದ್ದರೆ ಅವರ ಪಾಲಿಗೆ ಕೌದಿ ಮುಗಿದಿಲ್ಲ. ಅವರ ಕೌದಿಗಳು ಅಮೆರಿಕದ ವಸ್ತುಸಂಗ್ರಹಾಲಯಗಳ ಗೋಡೆ ಏರಿವೆ. ಚಿತ್ರ ನೋಡಿದಾಗ ಬಣ್ಣಗಳ ದಿಟ್ಟತನಕ್ಕೆ ಬೆರಗಾದೆ. ಗೋಡೆಗೆ ತೂಗುಹಾಕಿದ್ದರಿಂದ ಹಿಂಬದಿ ಕಾಣಲಿಲ್ಲ, ಅದೊಂದು ಆಸೆ ಹಾಗೆಯೇ ಉಳಿದಿದೆ.

ಸಿಂಗಪುರಕ್ಕೆ ಬಂದ ಮೊದಲ ಕೌದಿ ನನ್ನ ಚೊಚ್ಚಲ ಬಾಣಂತನಕ್ಕೆ ಅವ್ವ ತಂದದ್ದು. ವಿಮಾನದ ತೂಕದ ಮಿತಿಗೆ ಹೆದರಿ ಚಟ್ನಿಪುಡಿ ಬಿಟ್ಟು ಬಂದಿದ್ದಳು, ಕೌದಿ ಬಿಟ್ಟಿರಲಿಲ್ಲ. ಮಗುವನ್ನು ನೋಡಲು ಪಕ್ಕದ ಮನೆಯ ಚೀನೀ ಅಜ್ಜಿ ಬಂದರು. ಕೆಂಪು ಲಕೋಟೆ ಮಗುವಿನ ಬಳಿ ಇಟ್ಟವರು ಮಗುವಿಗಿಂತ ಹೆಚ್ಚು ಹೊತ್ತು ಕೌದಿಯನ್ನು ನೋಡಿದರು. ಮೆಲ್ಲಗೆ ಒಂದು ಮೂಲೆ ಎತ್ತಿ ಮಗುಚಿದರು. ಅವ್ವ ನನ್ನ ಮುಖ ನೋಡಿದಳು, ನಾನು ಅವ್ವನ ಮುಖ. ಆ ಅಜ್ಜಿಯ ಮಾತನ್ನು ಅವರ ಮಗಳು ನನಗೆ ಇಂಗ್ಲಿಷಿನಲ್ಲಿ ಹೇಳಿದಳು: ಚೀನಾದಲ್ಲಿ ಕೂಸು ಹುಟ್ಟಿದರೆ ನೂರು ಮನೆಗಳಿಂದ ಒಂದೊಂದು ಚೂರು ಬಟ್ಟೆ ಬೇಡಿ ತಂದು ಹೊದಿಕೆ ಹೊಲಿಯುತ್ತಾರೆ, ಅಷ್ಟೂ ಮನೆಗಳ ಹರಕೆ ಮಗುವನ್ನು ಕಾಯುತ್ತದೆ. ನಾನು ಅದನ್ನು ಕನ್ನಡಕ್ಕೆ ತಿರುಗಿಸಿದೆ. ಅವ್ವ ತಲೆಯಾಡಿಸಿ, "ನಮ್ದು ನೂರು ಮನಿದು ಅಲ್ಲ, ಒಂದ ಮನಿದು. ಆದ್ರ ಮನಿಯಾಗ ಮಂದಿ ಭಾಳ ಅದಾರ ಅಂತ ಹೇಳು" ಎಂದಳು. ಆಮೇಲೆ ಒಂದೊಂದೇ ಚೂರಿನ ಮೇಲೆ ಬೆರಳಿಟ್ಟು ಹೇಳಿಸಿದಳು. ಇದು ನಿಮ್ಮ ಅಜ್ಜನ ರುಮಾಲು, ಇದು ಸಣ್ಣವ್ವನ ಕುಬಸ, ಈ ನೀಲಿ ನೀನು ಸಾಲಿಗೆ ಹೋಗುವಾಗ ಉಟ್ಟ ಲಂಗ. ಎರಡು ಮನೆಯ ಅಜ್ಜಿಯರು ಒಂದೇ ಕೌದಿಯ ಎರಡು ಬದಿಗೆ ಕೂತಿದ್ದರು, ಮಧ್ಯದಲ್ಲಿ ಮಗು ನಿದ್ದೆ ಹೋಗಿತ್ತು.

ಆಮೇಲೆ ನಾನೇ ಇಲ್ಲಿ ಬಟ್ಟೆ ಕೂಡಿಹಾಕತೊಡಗಿದೆ. ದ್ವೀಪದ ಬಟ್ಟೆಗೆ ಅದರದೇ ಗುಣ. ಮಲಯ ಗೆಳತಿಯೊಬ್ಬಳು ತನ್ನ ತಾಯಿಯ ಹಳೆಯ ಬಾಟಿಕ್ ಸರೊಂಗುಗಳನ್ನು ಕೊಟ್ಟಳು. ಮೇಣ ಹಚ್ಚಿ ಬಣ್ಣದಲ್ಲಿ ಅದ್ದಿ ತೆಗೆದ ಅಪ್ಪಟ ಹತ್ತಿ, ಎಷ್ಟೋ ವರ್ಷ ಉಟ್ಟು ಒಗೆದು ಬೆಣ್ಣೆಯಾದದ್ದು. ಸೂಜಿ ಅದರಲ್ಲಿ ಇಳಿಯುವ ಸುಖವೇ ಬೇರೆ. ಟೆಕ್ಕಾ ಸೆಂಟರಿನ ಮಹಡಿಯಲ್ಲಿ ದರ್ಜಿಗಳು ರವಿಕೆ ಕತ್ತರಿಸಿ ಉಳಿದ ಚೂರುಗಳನ್ನು ಚೀಲದಲ್ಲಿ ತೆಗೆದಿಡುತ್ತಾರೆ, ಕೇಳಿದರೆ ನಗುತ್ತ ಕೊಡುತ್ತಾರೆ. ಹೊಸ ಬಟ್ಟೆಯಾದ್ದರಿಂದ ಅವನ್ನು ಬಿಸಿನೀರಲ್ಲಿ ನೆನೆಸಿ ಕುಗ್ಗಿಸಿಯೇ ಬಳಸಬೇಕು. ಕಷ್ಟವಿರುವುದು ಒಣಗಿಸುವುದರಲ್ಲಿ. ಊರಿನಲ್ಲಿ ಮಾರ್ನವಮಿಗೆ ಮೊದಲು ಮನೆಯ ಅಷ್ಟೂ ಕೌದಿ ಕೆರೆಗೆ ಹೋಗುತ್ತಿದ್ದವು. ಬಂಡೆಗೆ ಬಡಿದು, ಇಬ್ಬರು ಎರಡು ತುದಿ ಹಿಡಿದು ಹಿಂಡಿ ಹಾಸಿದರೆ ಸಂಜೆಯೊಳಗೆ ಗರಿಗರಿ. ಇಲ್ಲಿಯ ಬಹುಮಹಡಿ ಮನೆಗಳಲ್ಲಿ ಕಿಟಕಿಯಾಚೆ ಬಿದಿರು ಗಳ ಚಾಚಿ ಬಟ್ಟೆ ಒಣಹಾಕುತ್ತಾರೆ. ನೀರು ಕುಡಿದ ಕೌದಿಯ ಭಾರ ಆ ಗಳಕ್ಕೆ ಸಲ್ಲದು, ಗಾಳಿಯೂ ಸದಾ ಹಸಿ. ಹಾಗಾಗಿ ನನ್ನ ಕೌದಿಗಳಿಗೆ ಒಳಪದರ ಒಂದೇ. ಅಜ್ಜಿ ಇದ್ದಿದ್ದರೆ ಇದನ್ನು ಕೌದಿ ಎನ್ನುತ್ತಿದ್ದಳೋ ಇಲ್ಲವೋ, ಆದರೆ ಈ ಹವೆಗೆ ಇದೇ ಸರಿಯಾದ ದಪ್ಪ ಎಂದು ನನ್ನ ನಂಬಿಕೆ.

ಈಗ ಅಂಗಡಿಗಳಲ್ಲೂ ಕೌದಿ ಸಿಗುತ್ತದೆ. ಹೊಸ ಬಟ್ಟೆ ತಂದು ಒಂದೇ ಅಳತೆಯ ಚೌಕ ಕತ್ತರಿಸಿ ಮಷಿನ್ನಿನಲ್ಲಿ ಹೊಲಿದದ್ದು. ಕೊಳ್ಳುವವರಿಗೆ ಒಳ್ಳೆಯದಾಗಲಿ, ಹೊಲಿದವರಿಗೆ ಕೂಲಿ ಸಿಗಲಿ. ಆದರೂ ಮಷಿನ್ ಹೊಲಿಗೆ ಪದರಗಳನ್ನು ಮೊಳೆ ಹೊಡೆದಂತೆ ಹಿಡಿಯುತ್ತದೆ. ಕೈಹೊಲಿಗೆಯ ಕೌದಿ ಮಲಗಿದವರ ಮೈಯ ಏರುತಗ್ಗಿಗೆ ತಕ್ಕಂತೆ ತಾನೂ ಸ್ವಲ್ಪ ಸರಿದುಕೊಳ್ಳುತ್ತದೆ. ಬೆನ್ನಿಗೆ ಈ ವ್ಯತ್ಯಾಸ ಒಂದೇ ರಾತ್ರಿಯಲ್ಲಿ ತಿಳಿಯುತ್ತದೆ. ಊರಿನಲ್ಲೂ ಸೊಲ್ಲಾಪುರ ಚಾದರ, ಮಿಂಕ್ ಬ್ಲಾಂಕೆಟ್ ಬಂದ ಮೇಲೆ ಹೊಲಿಯುವವರು ಕಡಿಮೆ. ಓಣಿಯಲ್ಲಿ ಆ ಕೂಗು ನಿಂತಿದೆ.

ಸದ್ಯ ಕೈಯಲ್ಲಿರುವುದು ಮಗಳಿಗೆ. ಇದರಲ್ಲಿ ಒಂದು ಹೊಸತು ಮಾಡುತ್ತಿದ್ದೇನೆ. ಕಲ್ಲೇಶ್ವರ ಗುಡಿಯ ಕಂಬಗಳಲ್ಲಿ ಕೆಲವು ಬುಡದಲ್ಲಿ ಚೌಕವಿದ್ದು, ಮೇಲೇರುತ್ತ ಎಂಟು ಮೂಲೆಯಾಗಿ, ಆಮೇಲೆ ದುಂಡಗಾಗುತ್ತವೆ. ನನ್ನ ಹೊಲಿಗೆಯ ಸಾಲೂ ಅಂಚಿನಲ್ಲಿ ಚೌಕವಾಗಿ ಹೊರಟಿದೆ. ಅರ್ಧಕ್ಕೆ ಬಂದಾಗ ಮೂಲೆ ಕತ್ತರಿಸಿ ಎಂಟು ಬದಿ ಮಾಡಿದೆ. ಇನ್ನು ನಡುವನ್ನು ದುಂಡಗೆ ತಿರುಗಿಸಬೇಕು. ಚೌಕದ ತಿರುವು ಬಲ್ಲ ಕೈಗೆ ದುಂಡು ಬೇಗ ಒಲಿಯುವುದಿಲ್ಲ, ಹೊಲಿಗೆಯನ್ನು ಇನ್ನೂ ಗಿಡ್ಡ ಮಾಡಬೇಕಾಗುತ್ತದೆ. ಮೊನ್ನೆ ವಿಡಿಯೋ ಕರೆಯಲ್ಲಿ ಅವ್ವನಿಗೆ ತೋರಿಸಿದೆ. "ಮುಂದ ಯಾಕ ತೋರಸ್ತಿ, ಹಿಂದ ತೋರ್ಸು" ಎಂದಳು. ಮಗುಚಿ ಹಿಡಿದೆ. ಬಹಳ ಹೊತ್ತು ನೋಡಿ, ಎಂಟು ಬದಿ ತಿರುಗುವಲ್ಲಿ ದಾರ ಒಂಟಿ ಎಳೆ ಹಾಕು, ದುಂಡಿಗೆ ಬರುವ ತನಕ ಬಾಟಿಕ್ ಚೂರನ್ನು ಉಳಿಸಿಟ್ಟುಕೋ, ಮೆತ್ತನೆ ಬಟ್ಟೆಯೇ ಸುತ್ತಿಗೆ ಬಾಗುವುದು ಎಂದಳು. ಅಜ್ಜನ ಧೋತ್ರದ ಒಂದು ಪಟ್ಟಿ ಇನ್ನೂ ಪೆಟ್ಟಿಗೆಯಲ್ಲಿದೆಯಂತೆ. ದೀಪಾವಳಿಗೆ ಊರಿಂದ ಬರುವವರ ಕೈಯಲ್ಲಿ ಕಳಿಸುತ್ತಾಳೆ. ಅಲ್ಲಿಯವರೆಗೆ ನಡುವನ್ನು ತೆರೆದಿಡು ಎಂದಿದ್ದಾಳೆ.